ಮೊದಲು ಕಂಬ ನೋಡಿ, ಆಮೇಲೆ ಅಡಿಗಲ್ಲು

ಆತ್ಮೀಯ ಕೇಳುಗರೇ, ನಮಸ್ಕಾರ.

ಮಳೆ ಹಿಂದೆಗೆದು ಅಡಿಕೆ ಕೊಯ್ಲು ಇನ್ನೇನು ಶುರುವಾಗಬೇಕು ಎನ್ನುವ ಈ ದಿನಗಳಲ್ಲಿ ನಮ್ಮ ಕಡೆಯ ಮನೆಗಳಿಗೆ ಬೆಂಗಳೂರಿನಿಂದ, ಮಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಬಂದ ಎರಡನೆಯ ದಿನವೇ "ಇಲ್ಲಿ ಹತ್ತಿರದಲ್ಲಿ ನೋಡುವಂಥದ್ದು ಏನಿದೆ?" ಎಂಬ ಪ್ರಶ್ನೆ ಬರುತ್ತದೆ; ಮನೆಯ ಹಿರಿಯರು "ಕವಲೇದುರ್ಗಕ್ಕೆ ಹೋಗಿ ಬನ್ನಿ" ಎನ್ನುತ್ತಾರೆ. ತೀರ್ಥಹಳ್ಳಿಯ ಹತ್ತಿರದ ಬೆಟ್ಟದ ಮೇಲಿನ ಹಳೆಯ ಕೋಟೆ ಅದು. ಹುಡುಗರು ಹೋಗುತ್ತಾರೆ, ಬೆಟ್ಟ ಹತ್ತುತ್ತಾರೆ, ಸೂರ್ಯಾಸ್ತದ ಫೋಟೋ ತೆಗೆಯುತ್ತಾರೆ, ಸಂಜೆ ಮನೆಗೆ ಬಂದು "ಜಾಗ ಚೆನ್ನಾಗಿದೆ, ಆದರೆ ಅಲ್ಲಿ ಅರಮನೆ ಏನೂ ಇಲ್ಲ, ಬರೀ ಕಲ್ಲಿನ ಪಾಯ ಇದೆ" ಎಂದು ಹೇಳುತ್ತಾರೆ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದ ನನಗೆ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಆದ್ದರಿಂದ ಇಂದು ನಿಮ್ಮಲ್ಲಿ ಒಂದೇ ಒಂದು ಕೋರಿಕೆಯನ್ನು ಇಡಲು ಬಂದಿದ್ದೇನೆ. ಕವಲೇದುರ್ಗಕ್ಕೆ ಹೋಗುವವರು ಮೊದಲು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ಬೆಟ್ಟ ಹತ್ತಿ. ಮೊದಲು ಸಂಗ್ರಹಾಲಯ, ಆಮೇಲೆ ಕೋಟೆ.

ಕಾರಣ ಬಹಳ ಸರಳವಾಗಿದೆ. ನಮ್ಮ ಮಲೆನಾಡಿನ ಅರಮನೆಗಳು ಬುಡದಿಂದ ತುದಿಯವರೆಗೆ ಕಲ್ಲಿನವಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ತೊಟ್ಟಿಮನೆಗಳು ಹೇಗಿದ್ದವೋ ಇವೂ ಹಾಗೆಯೇ. ಪಾಯ ಮತ್ತು ಜಗಲಿ ಕಲ್ಲಿನದು, ಅದರ ಮೇಲಿನ ಕಂಬ, ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಬೋದಿಗೆ, ತೊಲೆ, ಮುಚ್ಚಿಗೆ ಎಲ್ಲವೂ ಮರದ್ದು. ಮಾಡು ಒಮ್ಮೆ ಕುಸಿಯಿತೆಂದರೆ ನಮ್ಮ ಮಳೆಯಲ್ಲಿ ಮರ ಎಷ್ಟು ದಿನ ಉಳಿದೀತು? ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ತಿಂದು ಬಿಟ್ಟದ್ದನ್ನು ಗೆದ್ದಲು ತಿನ್ನುತ್ತದೆ. ಹೀಗಾಗಿ ಕವಲೇದುರ್ಗದ ಬೆಟ್ಟದ ಮೇಲೆ ಅರಮನೆಯ ಅರ್ಧ ಮಾತ್ರ ಉಳಿದಿದೆ, ಅದೂ ಕೆಳಗಿನ ಅರ್ಧ. ಮೇಲಿನ ಅರ್ಧ ಹೇಗಿದ್ದಿರಬಹುದು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಶಿವಮೊಗ್ಗದ ತುಂಗಾ ತೀರದ ಆ ಮರದ ಅರಮನೆಗೇ ಹೋಗಬೇಕು.

ಹೆಸರು ಕೆಳದಿಯ ಅರಸ ಶಿವಪ್ಪನಾಯಕನದಾದರೂ ಶಿವಮೊಗ್ಗದಲ್ಲಿ ಈಗ ನಿಂತಿರುವ ಕಟ್ಟಡ 18ನೆಯ ಶತಮಾನದ್ದು, ಹೈದರ ಅಲಿಯ ಕಾಲದ್ದು. ಕೆಳದಿಯ ಅರಸರು ಸುಮಾರು 1500ರಿಂದ 1763ರವರೆಗೆ, ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳಿಂದ ಈ ಸೀಮೆಯನ್ನು ಆಳಿದರು. 1763ರಲ್ಲಿ ಹೈದರನು ರಾಣಿ ವೀರಮ್ಮಾಜಿಯ ಕೈಯಿಂದ ಬಿದನೂರನ್ನು ಕಿತ್ತುಕೊಂಡ. ಆ ಬಿದನೂರೇ ನಮ್ಮ ಇಂದಿನ ನಗರ. ಅರಸು ಬದಲಾದರೂ ಮಲೆನಾಡಿನ ಕಾಡು ಬದಲಾಗಲಿಲ್ಲ, ಇಲ್ಲಿ ಮರದಲ್ಲಿ ಕಟ್ಟುವ ರೂಢಿಯೂ ನಿಲ್ಲಲಿಲ್ಲ. ಆದ್ದರಿಂದಲೇ ಈ ಕಟ್ಟಡ ನಮಗೆ ಅಷ್ಟು ಬೆಲೆಯುಳ್ಳದ್ದು. ದರ್ಬಾರು ಹಜಾರದಲ್ಲಿ ನಿಂತು, ಎರಡು ಅಂತಸ್ತಿನಷ್ಟು ಎತ್ತರಕ್ಕೆ ಹೋಗುವ ಆ ಭಾರಿ ಮರದ ಕಂಬಗಳನ್ನೂ, ಅಲೆಯಲೆಯಾಗಿ ಕೊರೆದ ಕಮಾನುಗಳನ್ನೂ, ಮೇಲಿನಿಂದ ಹಜಾರವನ್ನು ನೋಡುವ ಪಡಸಾಲೆಗಳನ್ನೂ ಸಾವಧಾನವಾಗಿ ನೋಡಿ. ಅಂಗಳದಲ್ಲಿ ಜಿಲ್ಲೆಯ ಊರೂರುಗಳಿಂದ ತಂದಿಟ್ಟ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲು, ಶಾಸನಗಳಿವೆ. ವೀರಗಲ್ಲನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಇಷ್ಟು ತಿಳಿದರೆ ಸಾಕು, ಹತ್ತು ವರ್ಷದ ಮಗುವೂ ಯಾರ ಸಹಾಯವಿಲ್ಲದೆ ಓದುತ್ತದೆ.

ಈಗ ಮೊದಲು ಸಂಗ್ರಹಾಲಯ, ಆಮೇಲೆ ಕೋಟೆ ಎಂಬ ಪಾಠವನ್ನು ನನಗೆ ಕಲಿಸಿದವರ ಸಂಗತಿಯನ್ನು ಹೇಳುತ್ತೇನೆ. ಅವರು ಇತಿಹಾಸ ಓದಿದವರಲ್ಲ, ಮರಗೆಲಸದ ಆಚಾರ್ರು. ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳೆಯ ಮನೆಯ ಜಗಲಿಯ ಎರಡು ಕಂಬಗಳನ್ನು ಬದಲಿಸಲು ಬಂದವರು, ಕೆಲಸದ ನಡುವೆ ಮಾತಿಗೆ ಮಾತು ಬಂದು, "ಶಿವಮೊಗ್ಗದ ಅರಮನೆಯ ಕಂಬ ನಾನು ಒಂದು ಸಲವೂ ನೋಡಿಲ್ಲ ಮೇಷ್ಟ್ರೇ" ಎಂದರು. ಮರುವಾರ ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಅವರು ಶಿಲ್ಪಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಒಂದು ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು, ಮರವು ಕಲ್ಲಿನ ಮೇಲೆ ಕೂರುವ ಸಂದಿಯ ಸುತ್ತ ಕಣ್ಣಾಡಿಸಿದರು; ಮುಟ್ಟಬಾರದೆಂದು ಹೇಳಿದ್ದರಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಆಮೇಲೆ ಒಂದು ಕಂಬದಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತಾ ನಡೆದರು. ಎರಡು ಕಂಬಗಳ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಎನ್ನುತ್ತಾರೆ; ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಅಂಕಣದ ಮನೆ ಎಂದೇ ಹಿರಿಯರು ಹೇಳುತ್ತಿದ್ದರು. ಆಚಾರ್ರು ಅರ್ಧ ಗಂಟೆ ಅಂಕಣಗಳನ್ನೇ ಎಣಿಸಿದರು. ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿಗಳಿಗೆ ಬೇಸರವಾಗಿ ಅವರು ಹೊರಗೆ ಹೋಗಿ ಕುಳಿತರು.

ಅದರ ಮರುದಿನ ಕವಲೇದುರ್ಗ. ಅಷ್ಟು ವರ್ಷ ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಉತ್ಖನನದಲ್ಲಿ ತೆರೆದುಕೊಂಡ ಅರಮನೆಯ ಜಗತಿಯ, ಅಂದರೆ ಪಾಯದ ಕಲ್ಲುಕಟ್ಟೆಯ, ಮುಂದೆ ನಿಲ್ಲಿಸಿ, ಇದು ಅರಮನೆ ಎಂದು ಹೇಳಿದ್ದೇನೆ, ಮಕ್ಕಳು "ಎಲ್ಲಿ ಸರ್?" ಎಂದು ಕೇಳಿದ್ದಾರೆ, ನಾನು ಮತ್ತೆ ಇದೇ ಎಂದಿದ್ದೇನೆ. ಅಂದು ಆಚಾರ್ರು ಜಗತಿಯನ್ನು ಹತ್ತಿದವರೇ ಒಂದು ಅಡಿಗಲ್ಲಿನ ಮೇಲಿನ ಹುಲ್ಲನ್ನು ಅಂಗೈಯಿಂದ ಸರಿಸಿದರು. ಸುತ್ತಲಿನ ಹಾಸು ಒರಟಾಗಿತ್ತು, ಆ ಒಂದು ಕಲ್ಲಿನ ನೆತ್ತಿ ಮಾತ್ರ ಮಟ್ಟವಾಗಿತ್ತು. "ಇಲ್ಲಿ ಕಂಬ" ಎಂದರು. ಕೊಡೆಯನ್ನು ಅಳತೆಗೋಲಿನ ಹಾಗೆ ನೆಲಕ್ಕೆ ಮಲಗಿಸಿ, ಮಲಗಿಸಿ ಮುಂದೆ ಹೋಗಿ, ಎರಡನೆಯ ಕಲ್ಲಿನ ಮೇಲೆ ನಿಂತು "ಇಲ್ಲಿ ಇನ್ನೊಂದು" ಎಂದರು. ಮೂರನೆಯದು ಕಾಡುಬಳ್ಳಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಕೊಡೆಯ ಲೆಕ್ಕದಂತೆ ಅದು ಎಲ್ಲಿರಬೇಕೋ ಅಲ್ಲಿಯೇ ಕಾಲಿನಿಂದ ಬಳ್ಳಿಯನ್ನು ಸರಿಸಿ ತೋರಿಸಿದರು. ಒಂದು ಕಡೆ ಬಂದಾಗ ನಿಂತು, ಹಿಂದೆ ಮುಂದೆ ನೋಡಿ, "ಮೇಷ್ಟ್ರೇ, ಇಲ್ಲಿ ಅಂಕಣ ಅಗಲ ಆಗಿದೆ ನೋಡಿ. ನಿನ್ನೆ ಅಲ್ಲೂ ನಡುವಿನ ಅಂಕಣವೇ ದೊಡ್ಡದು. ದೊಡ್ಡವರು ಬಂದು ಹೋಗುವ ದಾರಿ ಇದು" ಎಂದರು.

ಮಕ್ಕಳೆಲ್ಲ ಸುತ್ತ ಸೇರಿದರು. ಆಚಾರ್ರು ಅವರಲ್ಲಿ ಎತ್ತರದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಅಡಿಗಲ್ಲಿನ ಮೇಲೆ ನಿಲ್ಲಿಸಿ, ಕೈಗಳನ್ನು ಮೇಲೆತ್ತಿ ಅಗಲಿಸಿ ಹಿಡಿಯಲು ಹೇಳಿದರು; ಎತ್ತಿದ ಕೈಗಳೇ ಬೋದಿಗೆ ಎಂದರು. ಒಬ್ಬನ ಬೆರಳ ತುದಿಗೂ ಇನ್ನೊಬ್ಬನ ಬೆರಳ ತುದಿಗೂ ನಡುವೆ ಉಳಿದ ಜಾಗಕ್ಕೆ ತೊಲೆ ಬರಬೇಕು ಎಂದರು. ಆಗ ಒಬ್ಬ ಹುಡುಗಿ ತನ್ನ ದುಪ್ಪಟ್ಟಾವನ್ನು ತೆಗೆದು ಎರಡು ಕಂಬಗಳಿಗೆ, ಅಂದರೆ ಇಬ್ಬರು ಹುಡುಗರ ಕೈಗಳಿಗೆ, ಬಿಗಿಯಾಗಿ ಹಿಡಿಸಿದಳು. ಇನ್ನುಳಿದವರು ತಮ್ಮ ತಮ್ಮ ಶಾಲು, ಟವೆಲ್ಲುಗಳನ್ನು ತೆಗೆದರು. ಕೇಳುಗರೇ, ಹತ್ತು ನಿಮಿಷದಲ್ಲಿ ಆ ಬೋಳು ಜಗತಿಯ ಮೇಲೆ ಒಂದು ಪಡಸಾಲೆ ಎದ್ದು ನಿಂತಿತು. ಮಕ್ಕಳು ಅದರ ಅಡಿಯಲ್ಲಿ ತಲೆ ತಗ್ಗಿಸಿ ಓಡಾಡಿದರು. ಹಿಂದಿನ ದಿನ ಬೇಸರದಿಂದ ಹೊರಗೆ ಕುಳಿತಿದ್ದ ಅವೇ ಮಕ್ಕಳು "ಸರ್, ಮತ್ತೊಂದು ಸಲ ಶಿವಮೊಗ್ಗಕ್ಕೆ ಹೋಗೋಣ, ಕಂಬ ಸರಿಯಾಗಿ ನೋಡಲಿಲ್ಲ" ಎಂದರು. ಅಂದಿನಿಂದ ನಾನು ಯಾರನ್ನೂ ನೇರವಾಗಿ ಬೆಟ್ಟಕ್ಕೆ ಕರೆದೊಯ್ದಿಲ್ಲ. ಮೊದಲು ಸಂಗ್ರಹಾಲಯ, ಆಮೇಲೆ ಕೋಟೆ.

ಈ ಕತೆಗೆ ಹೆಚ್ಚು ಹೊತ್ತು ತೆಗೆದುಕೊಂಡೆನಾದ್ದರಿಂದ ಕೋಟೆಯ ಉಳಿದ ವಿಷಯಗಳನ್ನು ಬೇಗ ಬೇಗ ಹೇಳುತ್ತೇನೆ. ಕವಲೇದುರ್ಗವು ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿದೆ. ಕೆಳದಿಯವರ ಕಾಲದಲ್ಲಿ ಇದಕ್ಕೆ ಭುವನಗಿರಿ ದುರ್ಗವೆಂಬ ಹೆಸರಿತ್ತು, ವೆಂಕಟಪ್ಪನಾಯಕನು ಇದನ್ನು ಬಲಪಡಿಸಿ ಅರಮನೆ, ಮಠ, ಕಣಜ, ಲಾಯ, ಕೊಳಗಳನ್ನು ಕಟ್ಟಿಸಿದ. ಗದ್ದೆಯ ಬದಿಯಿಂದ ಶುರುವಾಗುವ ಕಲ್ಲುಹಾಸಿನ ದಾರಿಯಲ್ಲಿ ಹತ್ತುತ್ತಾ ಹೋದರೆ, ಬೆಟ್ಟದ ಏರುತಗ್ಗುಗಳನ್ನೇ ಅನುಸರಿಸಿ ಒಂದರೊಳಗೊಂದಾಗಿ ಸುತ್ತಿದ ಮೂರು ಸುತ್ತಿನ ಗೋಡೆಗಳು ಸಿಗುತ್ತವೆ. ಬಾಗಿಲುಗಳ ಎರಡೂ ಪಕ್ಕದಲ್ಲಿ ಕಾವಲುಗಾರರ ಕೋಣೆಗಳಿವೆ; ಅದರೊಳಗೆ ಒಂದು ಕ್ಷಣ ಕುಳಿತು ಹೊರಗೆ ನೋಡಿ, ಹತ್ತಿ ಬರುವವನು ಎಷ್ಟು ದೂರದಿಂದ ಕಾಣುತ್ತಾನೆ ಎಂಬುದು ತಾನಾಗಿ ತಿಳಿಯುತ್ತದೆ. ಕಾಶಿ ವಿಶ್ವನಾಥ ದೇವಸ್ಥಾನದ ಹೊರಗೋಡೆಯ ಮೇಲಿನ ಉಬ್ಬುಶಿಲ್ಪಗಳನ್ನು ತಪ್ಪಿಸಬೇಡಿ. ದಯವಿಟ್ಟು ಆ ಗೋಡೆಗಳ ಮೇಲೆ ಹೆಸರು ಕೆತ್ತಬೇಡಿ. ಈ ಮಾತನ್ನು ಪ್ರತಿ ವರ್ಷ ಹೇಳುತ್ತಲೇ ಇದ್ದೇನೆ, ಪ್ರತಿ ವರ್ಷ ಹೊಸ ಹೆಸರುಗಳನ್ನು ನೋಡುತ್ತಲೇ ಇದ್ದೇನೆ.

ಅರಮನೆಯ ಜಾಗದಲ್ಲಿ ಹೆಂಗಸರು ತಪ್ಪದೆ ನೋಡಬೇಕಾದದ್ದು, ಗಂಡಸರೂ ನೋಡಬೇಕಾದದ್ದು, ಅಡುಗೆಮನೆ. ಅಲ್ಲಿ ಐದು ಬಾಯಿಯ ಕಲ್ಲಿನ ಒಲೆ ಇದೆ. ಅದರಾಚೆ ಕಲ್ಲಿನ ಬಚ್ಚಲು, ನೀರು ಬರುವ ಕಾಲುವೆ ಮತ್ತು ನೀರು ಹೋಗುವ ದಾರಿ. ಆಚಾರ್ರು ಅಂದು ಆ ಕಾಲುವೆಯ ಜಾಡು ಹಿಡಿದು ಬಹಳ ದೂರ ಹೋಗಿದ್ದರು. ಬೆಟ್ಟದ ಮೇಲಿನ ಕೋಟೆ ಎಂದರೆ ನೀರು ಎಲ್ಲಿಂದ ತರುತ್ತಿದ್ದರು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಬಿದ್ದ ನೀರನ್ನು ಗೋಡೆ ಕುಸಿಯದ ಹಾಗೆ ಹೊರಗೆ ಹೇಗೆ ಕಳಿಸುತ್ತಿದ್ದರು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಮೇಲಿನ ಕೊಳಗಳ ಅಂಚಿನಲ್ಲಿ ನಿಂತು ಎರಡನ್ನೂ ಯೋಚಿಸಿ. ನೀರಿನ ಕೆಲಸದಲ್ಲಿ ಆಸಕ್ತಿ ಹುಟ್ಟಿದರೆ ನಗರದ ಹತ್ತಿರದ ದೇವಗಂಗೆಯ ಕೊಳಗಳನ್ನೂ ನೋಡಿ ಬನ್ನಿ. ಒಂದೊಂದು ಕೊಳಕ್ಕೆ ಒಂದೊಂದು ಆಕಾರ, ಬುಗ್ಗೆಯ ನೀರು ಇಂದಿಗೂ ಒಂದರಿಂದ ಒಂದಕ್ಕೆ ಹರಿಯುತ್ತಿದೆ. ಅದರ ಬಗ್ಗೆಯೇ ಒಂದು ಭಾಷಣ ಮಾಡಬಹುದು, ಇಂದು ಸಮಯವಿಲ್ಲ.

ಸಾಗರದ ಕಡೆಯವರು ಶಿವಮೊಗ್ಗ ದೂರವೆಂದರೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಇತಿಹಾಸಕಾರ ಕೆಳದಿ ಗುಂಡಾಜೋಯಿಸರು ಜೀವಮಾನವಿಡೀ ಮನೆ ಮನೆ ತಿರುಗಿ ಸಂಗ್ರಹಿಸಿದ ತಾಳೆಗರಿ, ಕಡತ, ಆಯುಧ, ನಾಣ್ಯಗಳು ಅಲ್ಲಿವೆ. ಹೊರಡುವ ಮುನ್ನ ಎರಡೂ ಸಂಗ್ರಹಾಲಯಗಳ ರಜೆಯ ದಿನವನ್ನು ವಿಚಾರಿಸಿಕೊಳ್ಳಿ.

ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಅವಸರ ಬೇಡ. ಮೊದಲ ದಿನ ಮಧ್ಯಾಹ್ನ ಶಿವಮೊಗ್ಗದ ಅರಮನೆಯನ್ನು ನೋಡಿ, ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ. ಕಲ್ಲುಹಾಸಿನಲ್ಲಿ ಪಾಚಿ ಇನ್ನೂ ಒಣಗಿರುವುದಿಲ್ಲ, ಚಪ್ಪಲಿ ಹಿಡಿತದ್ದಿರಲಿ. ರಕ್ತ ಹೀರುವ ಇಂಬಳವೂ ಒಂದೆರಡು ಉಳಿದಿರುತ್ತದೆ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ತುದಿಯ ಪುಟ್ಟ ದೇವಸ್ಥಾನದ ಬಳಿ ಸೂರ್ಯಾಸ್ತಕ್ಕೆ ಕಾಯುವುದಾದರೆ ಇಳಿಯಲು ಒಂದು ಟಾರ್ಚ್ ಬೇಕೇ ಬೇಕು. ಮತ್ತು ಅಳತೆಗೆ ಒಂದು ಕೊಡೆ ಇರಲಿ.

ನಮಸ್ಕಾರ.