ಐಜು ದೊರೆಗಳ ಗುಡ್ಡ

ಇಲ್ಲಿ ಹೆಜ್ಜೆ ನೋಡ್ಕೊಂಡೇ ಹತ್ತಬೇಕು. ಮೆಟ್ಟಿಲುಗಳೆಲ್ಲ ಓರೆಯಾಗಿವೆ, ಮೇಲೆ ಪಾಚಿ, ಅದರ ಮೇಲೆ ಒದ್ದೆ ಎಲೆ. ಇದು ಜಪಾನಿನ ಫುಕುಶಿಮಾ ಪ್ರಾಂತ್ಯದ ಐಜುವಾಕಾಮಾತ್ಸು ಊರಿನ ಅಂಚು. ಐಜು ಸೀಮೆ ಆಳಿದ ಮಾತ್ಸುದೈರಾ ಮನೆತನದ ಎರಡನೇ ದೊರೆಯಿಂದ ಒಂಬತ್ತನೆಯವರ ತನಕ, ಜೊತೆಗೆ ಅವರ ಕುಟುಂಬದವರು ಈ ಗುಡ್ಡದಲ್ಲೇ ಮಣ್ಣಾಗಿದ್ದಾರೆ. 1657ರಲ್ಲಿ ತೀರಿಕೊಂಡ ಒಬ್ಬ ಯುವರಾಜನಿಗಾಗಿ ಶುರುವಾದ ಜಾಗ. 1987ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಿಸಿದ್ದಾರೆ. ಆದರೂ ಕಾಡು ಒಳಗೆ ಬರ್ತಾನೇ ಇದೆ.

ಈ ಕಲ್ಲಾಮೆ ನೋಡಿ, ಎಷ್ಟು ದೊಡ್ಡದು! ಬೆನ್ನ ಮೇಲೆ ಆಳೆತ್ತರ ಮೀರಿದ ಶಾಸನ. ದೊರೆಯ ಬದುಕೆಲ್ಲ ಅದರಲ್ಲಿ ಕೊರೆದಿದ್ದಾರೆ. ನಮ್ಮವರಿಗೆ ತಕ್ಷಣ ಕೂರ್ಮಾವತಾರ ನೆನಪಾಗುತ್ತೆ, ಆದರೆ ಈ ಪದ್ಧತಿ ಚೀನಾದಿಂದ ಬಂದದ್ದು. ಸಮಾಧಿ ಇರೋದು ಹಿಂದಿನ ದಿಬ್ಬದಲ್ಲಿ. ಎರಡನೇ ದೊರೆಯದ್ದು ಬೌದ್ಧ ಸಮಾಧಿ, ಆಮೇಲಿನವರದ್ದೆಲ್ಲ ಜಪಾನಿನ ಸ್ವಂತ ಧರ್ಮವಾದ ಶಿಂಟೋ ಪದ್ಧತಿ.

ಮೊದಲ ದೊರೆ ಹೋಶಿನಾ ಮಾಸಾಯುಕಿ (ಮಾತ್ಸುದೈರಾ ಹೆಸರು ಮನೆತನಕ್ಕೆ ಬಂದದ್ದು ಆಮೇಲೆ) ಇಲ್ಲಿಲ್ಲ, ಇನಾವಾಶಿರೋ ಅನ್ನೋ ಊರಲ್ಲಿದ್ದಾರೆ. ಅವರು ದೇಶ ಆಳುತ್ತಿದ್ದ ಸೇನಾ ದೊರೆ, ಅಂದರೆ ಎರಡನೇ ಟೊಕುಗಾವಾ ಶೋಗನ್‌ನ ಮಗ. 1668ರಲ್ಲಿ ವಂಶಕ್ಕೆ 15 ಕಟ್ಟಳೆ ಹಾಕಿದರು. ಮೊದಲನೆಯದೇ ಶೋಗನ್‌ಗೆ ನಿಷ್ಠೆ: ಎರಡು ಬಗೆದವನು ನನ್ನ ಸಂತತಿಯೇ ಅಲ್ಲ. ಸುಮಾರು ಇನ್ನೂರು ವರ್ಷ ಆದಮೇಲೆ, 1862ರಲ್ಲಿ, ಒಂಬತ್ತನೇ ದೊರೆ ಕಾತಾಮೋರಿಗೆ ಚಕ್ರವರ್ತಿ ಇದ್ದ ಕ್ಯೋಟೋ ಕಾಯುವ ಹೊಣೆ ಶೋಗನ್ ಕಡೆಯಿಂದ ಬಂತು. ಆಪ್ತರು ಬೇಡ ಅಂದರು. ಆ ಕಟ್ಟಳೆ ಮೀರೋಕಾಗದೆ ಅವರು ಒಪ್ಪಿಕೊಂಡರು. 1868ರಲ್ಲಿ ಶೋಗನ್ ಪಕ್ಷ ಸೋತಾಗ ಚಕ್ರವರ್ತಿಯ ಸೇನೆ ಐಜು ಮೇಲೆ ಬಿತ್ತು, ಒಂದು ತಿಂಗಳ ಮುತ್ತಿಗೆಯಲ್ಲಿ ಕೋಟೆ ಸೋತಿತು. 1871ರಲ್ಲಿ ಸಂಸ್ಥಾನಗಳೇ ರದ್ದಾದವು. ಇಷ್ಟು ದೊಡ್ಡ ಸ್ಮಶಾನ ನೋಡಿಕೊಳ್ಳೋಕೆ ಆಗ ಆಳಿರಲಿಲ್ಲ, ಆದಾಯವೂ ಇರಲಿಲ್ಲ. ಸಮಾಧಿಗಳು ಪಾಳುಬೀಳೋದು ಹೀಗೆ.

ಕಾತಾಮೋರಿ ಆಮೇಲೆ ನಿಕ್ಕೋದಲ್ಲಿ, ಟೊಕುಗಾವಾ ಮೂಲಪುರುಷನ ದೇಗುಲದಲ್ಲೇ ಪ್ರಧಾನ ಅರ್ಚಕರಾದರು. ನಂಗೆ ಅವರ ಮೇಲೆ ತುಂಬಾ ಗೌರವ ಹುಟ್ಟಿದ್ದು ಇದನ್ನ ಓದಿದಾಗ. ಎಲ್ಲ ಕಳೆದುಕೊಂಡ ಮೇಲೂ ಮನೆತನದ ಮಾತು ಬಿಡಲಿಲ್ಲ. 1893ರಲ್ಲಿ ಟೋಕಿಯೋದಲ್ಲಿ ತೀರಿಕೊಂಡರು. ಅವರನ್ನ ಈ ಗುಡ್ಡಕ್ಕೆ ತಂದದ್ದು 1917ರಲ್ಲಿ.

ಇದೇ ಊರಿನ ಇನ್ನೊಂದು ಗುಡ್ಡ ಈಮೋರಿಯಾಮಾಗೆ ಪ್ರವಾಸಿಗರ ಬಸ್ಸು ಬರುತ್ತಲೇ ಇರುತ್ತೆ. ಅಲ್ಲಿರೋದು 1868ರ ಆ ಯುದ್ಧದಲ್ಲಿ ತಮ್ಮ ಪ್ರಾಣ ತಾವೇ ತೆಗೆದುಕೊಂಡ ಬ್ಯಾಕ್ಕೋತಾಯ್, ಅಂದರೆ ಐಜು ಸೇನೆಯ ಹದಿಹರೆಯದ ಹುಡುಗರ ಪಡೆಯವರ ಸಮಾಧಿ. ಅವರು ಯಾರ ಸಲುವಾಗಿ ಹೋರಾಡಿದರೋ ಆ ದೊರೆ ಇರೋದು ಇಲ್ಲಿ. ಅಲ್ಲಿಗೆ ಹೋದೋರು ದಯವಿಟ್ಟು ಇಲ್ಲಿಗೂ ಬನ್ನಿ. ಜಾರದ ಶೂ ಹಾಕ್ಕೊಳ್ಳಿ, ಬ್ಯಾಗಿಗೆ ಕರಡಿ ದೂರ ಇಡೋ ಗಂಟೆ ಕಟ್ಕೊಳ್ಳಿ, ಕತ್ತಲಾಗೋ ಮುಂಚೆ ಇಳಿದುಬಿಡಿ.