ಮಳೆಯ ನಂತರದ ಬಾವಿ ನೀರು

ಕೇಳುಗರಿಗೆ ನಮಸ್ಕಾರ. ಮಳೆ ಚೆನ್ನಾಗಿ ಸುರಿದು ಬಾವಿ ತುಂಬಿದರೆ ನೀರೂ ಶುದ್ಧವಾಯಿತೆಂದು ಭಾವಿಸುವವರು ಬಹಳ. ಕೃಷಿ ಪ್ರದೇಶಗಳ ಮಟ್ಟಿಗೆ ಇದು ಅರ್ಧ ಮಾತ್ರ ನಿಜ.

ಬೇಸಿಗೆಯಲ್ಲಿ ಹೊಲಕ್ಕೆ ಹಾಯಿಸಿದ ನೀರಿನ ಬಹುಪಾಲು ಬೆಳೆಗೂ ಬಿಸಿಲಿಗೂ ಹೋಗುತ್ತದೆ; ಅದರಲ್ಲಿ ಕರಗಿದ್ದ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಅಂತರ್ಜಲ ಮಟ್ಟ ಇಳಿದಂತೆ ಕೊಳವೆಬಾವಿಗಳು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರನ್ನು ಎಳೆಯತೊಡಗುತ್ತವೆ. ಗ್ರಾನೈಟ್‌ನಂತಹ ಶಿಲೆಗಳಿರುವ ಕಡೆ, ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿರುವ ಇಂತಹ ನೀರಿನಲ್ಲಿ ಫ್ಲೋರೈಡ್ ಅಂಶ ಏರಬಹುದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ನೋಡಿ ಗುಣಮಟ್ಟ ಅಳೆಯುವವರಿದ್ದಾರೆ. ಆ ಪದರ ಗಡಸುತನವನ್ನು, ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ತೋರಿಸುತ್ತದೆಯೇ ಹೊರತು ಫ್ಲೋರೈಡನ್ನಲ್ಲ; ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಸಲ ಮೆದುವಾಗಿಯೇ ಇರುತ್ತದೆ.

ಮಳೆ ಆರಂಭವಾದಾಗ ತೊಂದರೆಯ ಸ್ವರೂಪವೇ ಬದಲಾಗುತ್ತದೆ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಂ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೇಡಿಯ ಕಣಗಳು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ; ತಮ್ಮಂತೆಯೇ ಋಣ ವಿದ್ಯುದಂಶವುಳ್ಳ ನೈಟ್ರೇಟನ್ನು ಬಿಟ್ಟುಬಿಡುತ್ತವೆ. ಹೀಗೆ ಬೆಳೆಗೆ ದಕ್ಕದೆ ಉಳಿದ ನೈಟ್ರೇಟ್ ಮೊದಲ ಮಳೆಗಳ ನೀರಿನೊಡನೆ ಕೆಳಗಿಳಿದು, ಆಳವಿಲ್ಲದ ತೆರೆದ ಬಾವಿಗಳನ್ನು ಬೇಗನೆ ಸೇರುತ್ತದೆ. ಮಳೆ ಮುಂದುವರಿದರೆ ಅದು ತೆಳುವಾಗುವುದೂ ಉಂಟು. ಆಳದ ನೀರಿಗೆ ಇಳಿಯಲು ಮಾತ್ರ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಾರಣ ನೈಟ್ರೇಟ್ ಅನಿಲವಾಗಿ ಹಾರಿಹೋಗುವುದರಿಂದ, ಒಂದೇ ಬದುವಿನ ಆಚೀಚೆ ಇರುವ ಎರಡು ಬಾವಿಗಳ ಫಲಿತಾಂಶ ಬೇರೆಯಾಗಿದ್ದರೆ ಪ್ರಯೋಗಾಲಯವನ್ನು ದೂರಬೇಕಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ವರದಿಯಲ್ಲಿ 'ನೈಟ್ರೇಟ್ ಸಾರಜನಕ' ಎಂದಿದ್ದರೆ, ಅಂದರೆ ನೈಟ್ರೇಟ್‌ನೊಳಗಿನ ಸಾರಜನಕದ ತೂಕವನ್ನಷ್ಟೇ ಕೊಟ್ಟಿದ್ದರೆ, ಅದೇ ಮಿತಿ ಸುಮಾರು 11 ಮಿಲಿಗ್ರಾಂ ಆಗುತ್ತದೆ. ಇದನ್ನು ಗಮನಿಸದೆ ನೆಮ್ಮದಿಯಿಂದಿರುವವರು ಕಡಿಮೆಯೇನಲ್ಲ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ, ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಆದ್ದರಿಂದ ವರ್ಷಕ್ಕೆ ಎರಡು ಬಾರಿಯಾದರೂ, ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ, ಅದೇ ಬಾವಿಯ ನೀರನ್ನು ಪರೀಕ್ಷಿಸಬೇಕು. ಕೊಳವೆಯಲ್ಲಿ ನಿಂತ ಹಳೆಯ ನೀರು ಹೋಗುವವರೆಗೆ ಪಂಪು ಓಡಿಸಿ, ಶುಚಿಯಾದ ಬಾಟಲಿಯನ್ನು ಅದೇ ನೀರಿನಿಂದ ತೊಳೆದು ತುಂಬಿ, ತಂಪಾಗಿಟ್ಟು ಬೇಗನೆ ತಲುಪಿಸಿ. ಚೀಟಿಯ ಮೇಲೆ ದಿನಾಂಕ, ನೀರಿನ ಮಟ್ಟ ಮತ್ತು ಕೊನೆಯ ಬಾರಿ ಗೊಬ್ಬರ ಹಾಕಿದ ದಿನವನ್ನು ಬರೆಯಿರಿ.