ಮೆಷಿನಿಗೆ ಲಕ್ಷಗಟ್ಟಲೆ, ಎಕ್ಸ್‌ರೇಗೆ ಜಿಪುಣತನ

ಉಪ್ಪಳ, ಕುಂಬಳೆ, ಬದಿಯಡ್ಕದ ಹಲ್ಲಿನ ಡಾಕ್ಟ್ರೇ, ಇಂಪ್ಲಾಂಟ್ (ದವಡೆ ಎಲುಬಿಗೆ ಕೂರಿಸುವ ಕೃತಕ ಬೇರು) ಮೇಲಿನ ಕ್ರೌನಿಗಾಗಿ, ಅಂದರೆ ಕೃತಕ ಹಲ್ಲಿಗಾಗಿ, ಮಂಗಳೂರಿನ ಲ್ಯಾಬ್ ಕಾಯುವುದು ಸಾಕಾಗಿ ಅದನ್ನು ಕ್ಲಿನಿಕ್ಕಿನಲ್ಲೇ ಕೊರೆಯುವ ಮಿಲ್ಲಿಂಗ್ ಮೆಷಿನ್ ನೋಡ್ತಾ ಇದ್ದೀರಾ? ಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಕ್ರೌನ್ ಹೆಚ್ಚಾಗಿ ಕೆಡುವುದು ಮೆಷಿನಿನಲ್ಲಿ ಅಲ್ಲ. ಅದಕ್ಕೆ ಮುಂಚೆ, ಇಲ್ಲಾ ಅದರ ನಂತರ.

ಮುಂಚೆ ಅಂದರೆ ಸ್ಕ್ಯಾನ್. ವಸಡು ವಾಸಿಯಾಗುವ ತನಕ ಇಂಪ್ಲಾಂಟಿಗೆ ಹಾಕಿಡುವ ಹೀಲಿಂಗ್ ಅಬಟ್‌ಮೆಂಟ್ ಬಿಚ್ಚಿದ ಕೂಡಲೇ ವಸಡು ಒಳಕ್ಕೆ ಕುಸಿಯಲು ಶುರು. ಆ ಆಕಾರವನ್ನು ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಇಂಪ್ಲಾಂಟ್ ಎಲ್ಲಿದೆ ಎಂದು ಸ್ಕ್ಯಾನರಿಗೆ ತೋರಿಸುವ ಸ್ಕ್ಯಾನ್ ಬಾಡಿ ಕೂರಿಸಿ ಕೈಯಲ್ಲೇ ಬಿಗಿ ಮಾಡಿ, ಒಂದು ಎಕ್ಸ್‌ರೇ ತೆಗೆಯಿರಿ. ಅಡಿಯಲ್ಲಿ ಚೂರು ವಸಡು ಸಿಕ್ಕಿಕೊಂಡಿದ್ದರೂ ಸಾಫ್ಟ್‌ವೇರು ಇಂಪ್ಲಾಂಟ್ ಇರುವುದಕ್ಕಿಂತ ಮೇಲಿದೆ ಅಂದುಕೊಳ್ಳುತ್ತದೆ, ಕ್ರೌನ್ ಗಿಡ್ಡವಾಗಿ ಬರುತ್ತದೆ. ಸಾಫ್ಟ್‌ವೇರಿನ ಲೈಬ್ರರಿಯಲ್ಲಿ (ಇಂಪ್ಲಾಂಟ್ ಭಾಗಗಳ ಪಟ್ಟಿ) ಆರಿಸುವಾಗಲೂ ಅದೇ ಕಂಪೆನಿ, ಅದೇ ಪ್ಲಾಟ್‌ಫಾರ್ಮ್ (ಇಂಪ್ಲಾಂಟ್ ಬಾಯಿಯ ಅಳತೆ), ಅದೇ ಸ್ಕ್ಯಾನ್ ಬಾಡಿ ಇರಬೇಕು. ‘ಸುಮಾರು ಅದೇ’ ಅನ್ನುವುದು ಇಲ್ಲಿ ನಡೆಯುವುದಿಲ್ಲ ಮಾರಾಯ್ರೇ.

ಮಿಲ್ಲಿಂಗ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕ್ರೌನಿನ ಜಿರ್ಕೋನಿಯಾ ಪಿಂಗಾಣಿ ಸಿಂಟರಿಂಗಿನಲ್ಲಿ, ಅಂದರೆ ಫರ್ನೇಸಿನಲ್ಲಿ ಸುಟ್ಟು ಗಟ್ಟಿ ಮಾಡುವಾಗ, ಶೇಕಡಾ 20ರಷ್ಟು ಕುಗ್ಗುತ್ತದೆ; ಜಿರ್ಕೋನಿಯಾ ಡಿಸ್ಕಿನ ಮೇಲೆ ಬರೆದ ಕುಗ್ಗುವಿಕೆಯ ಅಂಕೆಯನ್ನು ಸರಿಯಾಗಿ ಕೊಟ್ಟರೆ ಉಳಿದದ್ದು ಮೆಷಿನಿನ ಕೆಲಸ. ನೀರು ಹಾಕಿ ಕೊರೆದಿದ್ದರೆ ಪೂರ್ತಿ ಒಣಗಿಸದೆ ಫರ್ನೇಸಿಗೆ ಇಡಬೇಡಿ, ಬಿರುಕು ಬಿಡುತ್ತದೆ. 1500 ಡಿಗ್ರಿ ಹತ್ತಿರ ಹೋಗುವ ಫರ್ನೇಸು, ನಮ್ಮ ಮಳೆಗಾಲದ ಕರೆಂಟು: ಬ್ಯಾಕಪ್ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ.

ನಂತರದ್ದು ಅಂಟಿಸುವ ಕೆಲಸ. ಕ್ರೌನ್ ಟೈ-ಬೇಸಿನಿಂದ (ಇಂಪ್ಲಾಂಟಿಗೆ ಸ್ಕ್ರೂ ಮಾಡುವ ಟೈಟಾನಿಯಂ ತಳ) ಕಳಚಿ ಬಂದರೆ ಸಿಮೆಂಟನ್ನು ಬಯ್ಯುತ್ತೇವೆ. ಜಾಗ ಇದ್ದೂ ಗಿಡ್ಡ ಬೇಸ್ ಆರಿಸಿದ್ದನ್ನು ಮರೆಯುತ್ತೇವೆ. ಬಾಯಲ್ಲಿ ಇಟ್ಟು ನೋಡುವಾಗ ಎಂಜಲು ತಾಗಿದ ಜಿರ್ಕೋನಿಯಾಕ್ಕೆ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚುವವರೂ ಇದ್ದಾರೆ. ಅದರಿಂದ ಪ್ರೈಮರ್ (ಸಿಮೆಂಟು ಹಿಡಿಯುವಂತೆ ಮೊದಲು ಹಚ್ಚುವ ದ್ರವ) ಹಿಡಿಯುವ ಜಾಗವೇ ಮುಚ್ಚಿಹೋಗುತ್ತದೆ. ಎಲ್ಲ ಇಟ್ಟು ನೋಡಿದ ಮೇಲೆಯೇ 50 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ ಕ್ರೌನಿನ ಒಳಮೈ, ಬೇಸಿನ ಹೊರಮೈ ಎರಡನ್ನೂ ಬ್ಲಾಸ್ಟ್ ಮಾಡಿ, ಜಿರ್ಕೋನಿಯಾಕ್ಕೆ ಒತ್ತಡ ಕಡಿಮೆ ಇರಲಿ. ಸ್ಕ್ರೂ ಕನೆಕ್ಷನ್ನಿಗೆ ಆ ಪುಡಿ ತಾಗದ ಹಾಗೆ ಮುಚ್ಚಿ. ಎಂಡಿಪಿ (ಜಿರ್ಕೋನಿಯಾ, ಲೋಹಗಳಿಗೆ ಅಂಟುವ ರಾಸಾಯನಿಕ) ಇರುವ ಪ್ರೈಮರ್ ಹಚ್ಚಿ, ರೆಸಿನ್ ಸಿಮೆಂಟಿನಿಂದ ಬಾಯಿಯ ಹೊರಗೇ ಅಂಟಿಸಿ.

ಕೂರಿಸುವಾಗ ಕಂಪೆನಿ ಹೇಳಿದ ಟಾರ್ಕ್ (ಸ್ಕ್ರೂ ಬಿಗಿಸುವ ಬಲ), ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅದೇ ಟಾರ್ಕ್. ಸ್ಕ್ರೂ ಮೇಲೆ ಟೆಫ್ಲಾನ್ ಟೇಪು, ಅದರ ಮೇಲೆ ಕಾಂಪೋಸಿಟ್. ಇಂಪ್ಲಾಂಟಿಗೆ ಬೇರಿನ ಸುತ್ತಲಿನ ಮೆತ್ತನೆ ನಾರು, ಲಿಗಮೆಂಟ್, ಇಲ್ಲ, ಹಲ್ಲಿನ ಹಾಗೆ ಅದು ತಗ್ಗುವುದಿಲ್ಲ; ಮೆಲ್ಲ ಕಚ್ಚಿದಾಗ ಹಲ್ಲುಗಳ ನಡುವೆ ಇಟ್ಟ ತೆಳು ಹಾಳೆಯಾದ ಶಿಮ್‌ಸ್ಟಾಕ್ ಜಾರಿ ಬರಬೇಕು, ಗಟ್ಟಿ ಕಚ್ಚಿದಾಗ ಮಾತ್ರ ಹಿಡಿಯಬೇಕು.

ಇಷ್ಟೆಲ್ಲ ಒಂಟಿ ಕ್ರೌನಿನ ಮಾತು. ಇಡೀ ದವಡೆಯ ಕೆಲಸದಲ್ಲಿ ಸ್ಕ್ಯಾನಿನ ಸಣ್ಣ ಸಣ್ಣ ತಪ್ಪು ಒಂದು ತುದಿಯಿಂದ ಇನ್ನೊಂದಕ್ಕೆ ಕೂಡುತ್ತಾ ಹೋಗುತ್ತದೆ. ಅದನ್ನು ಸದ್ಯಕ್ಕೆ ಮಂಗಳೂರಿಗೇ ಕಳಿಸಿ.